ವಿದ್ಯಾಮಂದಿರದ ಹೊಸ್ತಿಲಲ್ಲಿ: ಡಾ. ಆನಂದೀಬಾಯಿ ಜೋಶಿ

ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ಕಾಲೇಜುಗಳ ಕಚೇರಿಯ ಮುಂದೆ ಅರ್ಜಿಗಳನ್ನು ಕೈಯಲ್ಲಿ ಹಿಡಿದ ತರುಣ ತರುಣಿಯರ ಸಾಲು ಕಾಣಿಸಿಕೊಳ್ಳುತ್ತದೆ. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಹಿಂದಿನ ಪರೀಕ್ಷೆಯಲ್ಲಿ ಪಡೆದ ಅಂಕಗಳು, ಇಷ್ಟನ್ನು ತುಂಬಿದರೆ ಅರ್ಜಿ ಸಿದ್ಧವಾಯಿತು. ಅದನ್ನು ಕೈಗೆತ್ತಿಕೊಂಡವನ ಕಣ್ಣು ಮೊದಲು ಓಡುವುದು ಅಂಕಗಳ ಕಡೆಗೆ. ಹಲವು ವರ್ಷಗಳ ಕಾಲ ಅಂತಹ ಮೇಜಿನ ಹಿಂದೆ ಕುಳಿತು ಅರ್ಜಿಗಳನ್ನು ಪರಿಶೀಲಿಸಿದ ಈ ಲೇಖಕನ ಕಣ್ಣೂ ಅದಕ್ಕೆ ಹೊರತಾಗಿರಲಿಲ್ಲ. ಅಂಕಗಳು ಬೇಡವೆಂದು ಹೇಳುವ ಧಾರ್ಷ್ಟ್ಯ ನನಗಿಲ್ಲ. ಅಳತೆಯಿಲ್ಲದೆ ವಿದ್ಯಾಲಯಗಳು ನಡೆಯಲಾರವು. ಆದರೆ ಅರ್ಜಿಯ ಹಿಂದೆ ಒಂದು ಬದುಕು ನಿಂತಿರುತ್ತದೆಂಬುದನ್ನು ಅಳೆಯುವವನು ಮರೆಯಬಾರದು. ಈ ಮಾತನ್ನು ಮನಗಾಣಿಸುವ ನಿದರ್ಶನಗಳಲ್ಲಿ ಡಾ. ಆನಂದೀಬಾಯಿ ಜೋಶಿಯವರ ಜೀವಿತವು ಅಗ್ರಗಣ್ಯವಾದುದು.

1883ನೆಯ ಇಸವಿಯ ಜೂನ್ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದ ರೋಸೆಲ್ ಎಂಬ ಊರಿನಿಂದ ಫಿಲಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ಕಾಲೇಜಿಗೆ ಒಂದು ಪ್ರವೇಶದ ಅರ್ಜಿ ತಲುಪಿತು. ಬರೆದಾಕೆಗೆ ಆಗ ಹದಿನೆಂಟು ವರ್ಷ. ಭಾರತದಿಂದ ಬಂದಿಳಿದು ತಿಂಗಳೂ ತುಂಬಿರಲಿಲ್ಲ. ಕ್ರಮಬದ್ಧವಾದ ಶಾಲಾ ಶಿಕ್ಷಣ ಆಕೆಗೆ ದೊರೆತಿದ್ದುದು ಅತ್ಯಲ್ಪ. ಅಂಕಪಟ್ಟಿಯ ಬಲವಿಲ್ಲದ ಆ ಅರ್ಜಿಯಲ್ಲಿ ಇದ್ದುದಾದರೂ ಏನು? ಅದನ್ನು ತಿಳಿಯಬೇಕಾದರೆ ಹದಿನೆಂಟು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು.

ಮುಂಬಯಿಗೆ ಸಮೀಪದ ಕಲ್ಯಾಣದಲ್ಲಿ ನೆಲೆಸಿದ್ದ ಗಣಪತರಾವ್ ಜೋಶಿಯವರದು ಜಮೀನುದಾರಿಕೆಯ ಮನೆತನ. 1865ನೆಯ ಮಾರ್ಚ್ 31ರಂದು ಈ ಮನೆತನದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಯಮುನೆಯೆಂದು ಹೆಸರಿಟ್ಟರು. ಅಂದಿನ ಸಂಪ್ರದಾಯದಂತೆ ಒಂಬತ್ತನೆಯ ವರ್ಷದಲ್ಲಿಯೇ ಆಕೆಯ ವಿವಾಹ ನೆರವೇರಿತು. ವರನಾದ ಗೋಪಾಳರಾವ್ ಜೋಶಿ ಅಂಚೆ ಇಲಾಖೆಯ ಗುಮಾಸ್ತ, ವಿಧುರ, ವಯಸ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷ ಹಿರಿಯ. ಗಂಡನ ಮನೆಯಲ್ಲಿ ಯಮುನೆ ಆನಂದಿಯಾದಳು.

ಗೋಪಾಳರಾಯರು ವಿಲಕ್ಷಣ ಪ್ರಕೃತಿಯ ಪುರುಷರು. ಹೆಂಗಸರ ಕೈಗೆ ಪುಸ್ತಕ ಕೊಡುವುದೇ ಅಪಚಾರವೆಂದು ಭಾವಿಸುತ್ತಿದ್ದ ಕಾಲದಲ್ಲಿ ತಮ್ಮ ಹೆಂಡತಿಯನ್ನು ವಿದ್ಯಾವತಿಯನ್ನಾಗಿ ಮಾಡಲೇಬೇಕೆಂದು ಹಟ ತೊಟ್ಟವರು. ಓದು ಬಿಟ್ಟು ಅಡಿಗೆಯ ಮನೆಯಲ್ಲಿ ಕಾಲ ಕಳೆದರೆ ಅವರಿಗೆ ಕೋಪ ಬರುತ್ತಿತ್ತು. ಆ ಕೋಪ ಬರಿಯ ಮಾತಿನಲ್ಲಿ ನಿಲ್ಲುತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲಿ ತಾನು ತಿಂದ ಪೆಟ್ಟುಗಳನ್ನೂ ತನ್ನ ಮೇಲೆ ತೂರಿಬಂದ ವಸ್ತುಗಳನ್ನೂ ಆನಂದಿಯು ಮುಂದೆ ಪತಿಗೇ ಬರೆದ ಪತ್ರವೊಂದರಲ್ಲಿ ನೆನೆದಿದ್ದಾಳೆ. ಮಹನೀಯರ ಚರಿತ್ರೆಯನ್ನು ಹೇಳುವಾಗ ಇಂತಹ ಸಂಗತಿಗಳನ್ನು ಮುಚ್ಚಿಡುವುದು ವಾಡಿಕೆ. ಆದರೆ ಇಲ್ಲಿ ಮುಚ್ಚಿಟ್ಟರೆ ಸತ್ಯಕ್ಕೆ ಅಪಚಾರವಾಗುತ್ತದೆ. ವಿದ್ಯೆಯನ್ನು ಕೊಟ್ಟ ಕೈಯೇ ಹೊಡೆದ ಕೈಯೂ ಆಗಿತ್ತು. ಆ ಬಾಲಿಕೆಯು ವಿದ್ಯೆಯನ್ನು ಸ್ವೀಕರಿಸಿದಳು. ಪೆಟ್ಟನ್ನು ಪೆಟ್ಟೆಂದೇ ಗುರುತಿಸಿ ಹೇಳುವ ಧೈರ್ಯವನ್ನೂ ಅದೇ ವಿದ್ಯೆಯಿಂದ ಸಂಪಾದಿಸಿದಳು.

ಹೆಂಡತಿಯ ಓದಿಗೆ ಅನುಕೂಲವಾದ ಊರನ್ನು ಹುಡುಕುತ್ತ ಗೋಪಾಳರಾಯರು ಊರಿಂದೂರಿಗೆ ವರ್ಗವಾಗಿ ಹೋದರು. ಅಲಿಬಾಗ, ಕೊಲ್ಲಾಪುರ, ಮುಂಬಯಿ, ಭುಜ್, ಕಲ್ಕತ್ತ, ಶ್ರೀರಾಮಪುರ, ಹೀಗೆ ಸಾಗಿತು ಆ ದಂಪತಿಗಳ ಸಂಸಾರ. ಈ ನಡುವೆ ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಯು ಗಂಡುಮಗುವಿನ ತಾಯಿಯಾದಳು. ಆ ಶಿಶು ಬದುಕಿದ್ದು ಹತ್ತೇ ದಿನ. ತಕ್ಕ ವೈದ್ಯಸಹಾಯ ದೊರೆಯದೆ ಮಗುವನ್ನು ಕಳೆದುಕೊಂಡ ಆ ಎಳೆಯ ತಾಯಿಯ ಶೋಕವು ಕಣ್ಣೀರಿನಲ್ಲಿ ಕರಗಿಹೋಗದೆ ಒಂದು ಸಂಕಲ್ಪವಾಗಿ ಗಟ್ಟಿಗೊಂಡಿತು. ಪರಪುರುಷನಾದ ವೈದ್ಯನ ಮುಂದೆ ತಮ್ಮ ರೋಗವನ್ನು ಹೇಳಿಕೊಳ್ಳುವುದಕ್ಕಿಂತ ಸಾವೇ ಲೇಸೆಂದು ಬಗೆದ ಸ್ತ್ರೀಯರು ಅಂದು ಮನೆಮನೆಯಲ್ಲಿದ್ದರು. ಅವರ ಪಾಲಿಗೆ ವೈದ್ಯವಿದ್ಯೆ ಇದ್ದೂ ಇಲ್ಲದಂತಾಗಿತ್ತು. ಆ ಕೊರತೆಯನ್ನು ತುಂಬಬಲ್ಲವಳು ವಿದ್ಯೆ ಕಲಿತ ಹೆಂಗಸು ಮಾತ್ರ. ತಾನೇ ಅಂತಹವಳಾಗಬೇಕೆಂದು ಆನಂದಿ ನಿಶ್ಚಯಿಸಿದಳು.

ಅಮೆರಿಕದ ಸಂಪರ್ಕ ದೊರೆತ ಬಗೆಯು ವಿಚಿತ್ರವಾದುದು. ಹೆಂಡತಿಯನ್ನು ಅಲ್ಲಿ ಓದಿಸಲು ನೆರವು ಬೇಡಿ ಗೋಪಾಳರಾಯರು ಮಿಷನರಿಗಳ ಮೂಲಕ ಪತ್ರವ್ಯವಹಾರ ನಡೆಸಿದ್ದರು. ಕ್ರೈಸ್ತಮತವನ್ನು ಸ್ವೀಕರಿಸುವುದಾದರೆ ಸಹಾಯ ದೊರೆಯಬಹುದೆಂಬ ಉತ್ತರ ಬಂತು. ಆ ಷರತ್ತನ್ನು ದಂಪತಿಗಳು ಒಪ್ಪಲಿಲ್ಲ. ಆದರೆ ಆ ಪತ್ರಗಳು ಪ್ರಿನ್ಸ್ಟನ್ನಿನ ಮಿಷನರಿ ಪತ್ರಿಕೆಯೊಂದರಲ್ಲಿ ಅಚ್ಚಾದವು. ರೋಸೆಲ್ ಊರಿನ ಗೃಹಿಣಿ ಥಿಯೊಡಿಸಿಯಾ ಕಾರ್ಪೆಂಟರ್ ಎಂಬಾಕೆ ದಂತವೈದ್ಯರ ಮನೆಯಲ್ಲಿ ತಮ್ಮ ಸರದಿಗಾಗಿ ಕಾಯುತ್ತ ಕುಳಿತಿದ್ದಾಗ ಆ ಪತ್ರಿಕೆ ಅವರ ಕೈಗೆ ಬಿತ್ತು. ಕಾಣದ ದೇಶದ ಕಾಣದ ಹುಡುಗಿಯ ವಿದ್ಯಾಭಿಲಾಷೆ ಅವರ ಹೃದಯವನ್ನು ಮುಟ್ಟಿತು. 1880ರಲ್ಲಿ ಅವರು ಬರೆದ ಪತ್ರದಿಂದ ಆರಂಭವಾದ ಸ್ನೇಹವು ಬೆಳೆದು, ಆನಂದೀಬಾಯಿಯವರು ಆಕೆಯನ್ನು ಚಿಕ್ಕಮ್ಮನೆಂದೇ ಸಂಬೋಧಿಸುವಷ್ಟು ಆತ್ಮೀಯವಾಯಿತು. ತಲೆನೋವು, ಜ್ವರ, ಉಬ್ಬಸಗಳಿಂದ ಬಳಲುತ್ತಿದ್ದ ಈ ಮಗಳಿಗೆ ಕಾರ್ಪೆಂಟರ್ ಸಾಗರದಾಚೆಯಿಂದ ಔಷಧಗಳನ್ನೂ ಕಳುಹಿಸಿಕೊಟ್ಟರು.

ಭಾರತದಲ್ಲಿಯೇ ಓದಬಾರದಿತ್ತೆ ಎಂದು ವಾಚಕರು ಕೇಳಬಹುದು. ಅಂದಿನವರೂ ಅದನ್ನೇ ಕೇಳಿದ್ದರು. ಮದರಾಸಿನ ವೈದ್ಯಕೀಯ ಕಾಲೇಜು 1875ರಿಂದ ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿತ್ತು. ಕಲ್ಕತ್ತೆಯ ಕಾಲೇಜಿನ ಬಾಗಿಲು ಮಾತ್ರ ಇನ್ನೂ ಮುಚ್ಚಿಯೇ ಇತ್ತು. ಕಾದಂಬಿನೀ ಗಂಗೂಲಿಯವರು ಅದನ್ನು ತೆರೆಸಿದ್ದು ಆನಂದೀಬಾಯಿಯವರು ನಾಡನ್ನು ಬಿಟ್ಟ ಮೇಲೆ. 1883ರ ಫೆಬ್ರುವರಿಯಲ್ಲಿ ಶ್ರೀರಾಮಪುರದ ಕಾಲೇಜಿನ ಸಭಾಂಗಣದಲ್ಲಿ ಜನ ಕಿಕ್ಕಿರಿದು ನೆರೆದಿರಲು, ಹದಿನೇಳು ದಾಟಿ ಹದಿನೆಂಟಕ್ಕೆ ಕಾಲಿಡಲಿದ್ದ ಈ ತರುಣಿ ಎದ್ದು ನಿಂತು ಇಂಗ್ಲಿಷಿನಲ್ಲಿ ಎಲ್ಲ ಪ್ರಶ್ನೆಗಳಿಗೂ ಉತ್ತರವಿತ್ತರು. ಇಲ್ಲಿಯ ತರಗತಿಗಳಲ್ಲಿ ಸ್ತ್ರೀಯರಿಗೆ ದೊರೆಯುವ ಶಿಕ್ಷಣವು ಅಪೂರ್ಣವೆಂದೂ, ಕಲಿಸುವವರಲ್ಲಿ ಸ್ತ್ರೀವಿದ್ಯೆಯ ಬಗ್ಗೆ ಅಸಹನೆಯುಂಟೆಂದೂ ಹೇಳಿದರು. ಬೀದಿಯಲ್ಲಿ ನಡೆದರೆ ಜನರು ಅಣಕಿಸುವುದನ್ನೂ ಪೀಡಿಸುವುದನ್ನೂ ಮರೆಮಾಚದೆ ತಿಳಿಸಿದರು. ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಹಿಂದಿರುಗುವೆನೆಂದು ಎಲ್ಲರೆದುರಿಗೆ ಮಾತು ಕೊಟ್ಟರು. ಈ ಭಾಷಣದ ವಾರ್ತೆ ಹರಡಿದಂತೆ ಹಲವೆಡೆಗಳಿಂದ ಸಹಾಯದ್ರವ್ಯ ಬಂತು. ಅಂದು ಹಣವಿತ್ತವರಲ್ಲಿ ಹೆಚ್ಚಿನವರು ಆಕೆಯನ್ನು ಕಂಡೇ ಇರಲಿಲ್ಲ. ಪ್ರತಿಫಲ ತಮ್ಮ ಕಾಲದಲ್ಲಿ ದೊರೆಯುವುದೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಕೂರಲೂ ಇಲ್ಲ.

1883ನೆಯ ಏಪ್ರಿಲ್ 7ರಂದು ಆನಂದೀಬಾಯಿಯವರು ಕಲ್ಕತ್ತೆಯಲ್ಲಿ ಹಡಗು ಹತ್ತಿದರು. ಪತಿ ಜೊತೆಗೆ ಹೋಗಲಿಲ್ಲ. ಪರಿಚಿತ ಮಿಷನರಿ ಮಹಿಳೆಯರ ಜೊತೆಯಲ್ಲಿ ಪ್ರಯಾಣ ಸಾಗಿತು. ಸಮುದ್ರಲಂಘನವು ಜಾತಿಭ್ರಷ್ಟತೆಗೆ ಕಾರಣವೆಂದು ಗಂಡಸರೇ ಹೆದರುತ್ತಿದ್ದ ಕಾಲದಲ್ಲಿ, ಸಸ್ಯಾಹಾರವನ್ನೂ ಸೀರೆಯನ್ನೂ ಬಿಡದೆ ಹೊರಟ ಆ ಒಂಟಿ ಹೆಣ್ಣಿನ ಎದೆಗಾರಿಕೆಯನ್ನು ನಾವು ಊಹಿಸಿಕೊಳ್ಳಬೇಕು. ಜೂನ್ ತಿಂಗಳ ಮೊದಲ ವಾರದಲ್ಲಿ ನ್ಯೂಯಾರ್ಕಿನ ಬಂದರಿನಲ್ಲಿ ಕಾರ್ಪೆಂಟರ್ ಆಕೆಯನ್ನು ಎದುರುಗೊಂಡು ತಮ್ಮ ಮನೆಗೆ ಕರೆದೊಯ್ದರು. ನಾವು ಮೊದಲು ಪ್ರಸ್ತಾಪಿಸಿದ ಅರ್ಜಿಯು ಆ ಮನೆಯಲ್ಲಿ ಕುಳಿತು ಬರೆದುದು.

ಈಗ ಆ ಅರ್ಜಿಯನ್ನು ಕೈಗೆತ್ತಿಕೊಳ್ಳೋಣ. ಪ್ರವೇಶ ಬೇಡುವವರು ತಮ್ಮ ಕೊರತೆಗಳನ್ನು ಮರೆಮಾಡಿ ಗುಣಗಳನ್ನು ಮುಂದಿಡುವುದು ಲೋಕರೂಢಿ. ಆನಂದೀಬಾಯಿಯವರು ಹಾಗೆ ಮಾಡಲಿಲ್ಲ. ಕಾಲೇಜು ಅಪೇಕ್ಷಿಸುವ ಅರ್ಹತೆಗಳೆಲ್ಲವೂ ತಮ್ಮಲ್ಲಿ ಇಲ್ಲದಿರಬಹುದೆಂದು ತಾವಾಗಿಯೇ ಒಪ್ಪಿಕೊಂಡರು. ಬಂಧುಮಿತ್ರರ ಹಾಗೂ ಜಾತಿಯವರ ವಿರೋಧವನ್ನೆಲ್ಲ ಎದುರಿಸಿ ಅಲ್ಲಿಯವರೆಗೆ ಬಂದ ಮನೋದಾರ್ಢ್ಯವನ್ನಾದರೂ ಅರ್ಹತೆಯೆಂದು ಎಣಿಸಬೇಕೆಂದು ಬಿನ್ನವಿಸಿಕೊಂಡರು. ತಾವು ಬಂದಿರುವುದು ಸ್ವಂತದ ಏಳಿಗೆಗಾಗಿ ಅಲ್ಲ, ಪುರುಷವೈದ್ಯರ ಮುಂದೆ ಬಾಯಿ ಬಿಡಲಾರದೆ ನರಳುತ್ತಿರುವ ದೇಶಭಗಿನಿಯರ ಶುಶ್ರೂಷೆಗಾಗಿ ಎಂಬುದನ್ನು ಸ್ಪಷ್ಟಪಡಿಸಿದರು. ಇಷ್ಟೇ ಆ ಅರ್ಜಿಯ ತಿರುಳು. ದೈನ್ಯವೂ ಇಲ್ಲ, ಆತ್ಮಪ್ರಶಂಸೆಯೂ ಇಲ್ಲ. ಇಲ್ಲದ್ದನ್ನು ಇಲ್ಲವೆಂದೂ ಇದ್ದುದನ್ನು ಇದೆಯೆಂದೂ ಹೇಳುವ ನೇರವಾದ ನುಡಿ ಅಲ್ಲಿದೆ.

ಅರ್ಜಿ ಬರೆಯುವವರಿಗೆ ಸತ್ಯನಿಷ್ಠೆ ಎಷ್ಟು ಅವಶ್ಯಕವೋ, ಅದನ್ನು ಓದುವವರಿಗೆ ವಿವೇಕವೂ ಅಷ್ಟೇ ಅವಶ್ಯಕ. ಆ ವಿವೇಕವುಳ್ಳವರು ಅಲ್ಲಿದ್ದುದು ಆನಂದೀಬಾಯಿಯವರ ಭಾಗ್ಯ. 1850ರಲ್ಲಿ ಸ್ಥಾಪಿತವಾದ ಆ ಕಾಲೇಜು, ಸ್ತ್ರೀಯರಿಗಾಗಿಯೇ ಏರ್ಪಟ್ಟ ಜಗತ್ತಿನ ಮೊತ್ತಮೊದಲ ಕೆಲವು ವೈದ್ಯಕೀಯ ಸಂಸ್ಥೆಗಳಲ್ಲೊಂದು. ನಿಂದೆ ಅಪಹಾಸ್ಯಗಳು ಅದಕ್ಕೆ ಹೊಸವಲ್ಲ. 1869ರಲ್ಲಿ ಅಲ್ಲಿಯ ವಿದ್ಯಾರ್ಥಿನಿಯರು ನಗರದ ದೊಡ್ಡ ಆಸ್ಪತ್ರೆಗೆ ಪಾಠ ಕೇಳಲು ಹೋದಾಗ ಗಂಡು ವಿದ್ಯಾರ್ಥಿಗಳು ಕೂಗಾಡಿ ಅವಮಾನಿಸಿದ್ದರು. ಅದೇ ವರ್ಷ ಅಲ್ಲಿಂದ ಪದವಿ ಪಡೆದ ಕ್ಲಾರಾ ಸ್ವೈನ್ ಎಂಬ ವೈದ್ಯೆ 1870ರ ಆರಂಭದಲ್ಲಿ ಉತ್ತರ ಹಿಂದೂಸ್ಥಾನದ ಬರೇಲಿಗೆ ಬಂದು ಅಂತಃಪುರದ ಸ್ತ್ರೀಯರ ಚಿಕಿತ್ಸೆಗೆ ತೊಡಗಿದ್ದರು. ಆದುದರಿಂದ ಭಾರತೀಯ ಸ್ತ್ರೀಯ ಸಂಕಟವು ಆ ಸಂಸ್ಥೆಗೆ ಕೇಳರಿಯದ ವಿಷಯವಾಗಿರಲಿಲ್ಲ. ರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿ ಸೇರಿ 1874ರಿಂದ ಕಾಲೇಜಿನ ಮುಖ್ಯಸ್ಥೆಯಾಗಿದ್ದ ರೇಚೆಲ್ ಬಾಡ್ಲಿಯವರು ತಮ್ಮ ಸಂಸ್ಥೆಯಲ್ಲಿ ಓದಿದವರು ಮುಂದೆ ಏನಾದರೆಂಬುದನ್ನು ವಿಚಾರಿಸಿ, ಸಂಗ್ರಹಿಸಿ, 1881ರಲ್ಲಿ ಪ್ರಕಟಿಸಿದ ದೂರದರ್ಶಿ. ವಿದ್ಯಾರ್ಥಿನಿಯು ಒಳಗೆ ಬರುವಾಗ ತರುವ ಅಂಕಗಳಿಗಿಂತ, ಹೊರಗೆ ಹೋದ ಮೇಲೆ ಮಾಡುವ ಕೆಲಸವನ್ನು ಕಾಣಬಲ್ಲ ಕಣ್ಣು ಅವರದು. ಆ ಅರ್ಜಿಯು ಅಂಗೀಕೃತವಾಯಿತು. ವಿದ್ಯಾರ್ಥಿವೇತನವೂ ದೊರೆಯಿತು.

1883ರ ಅಕ್ಟೋಬರಿನಲ್ಲಿ ಆನಂದೀಬಾಯಿಯವರು ಪ್ರಥಮ ವರ್ಷದ ವಿದ್ಯಾರ್ಥಿನಿಯಾಗಿ ತರಗತಿಯಲ್ಲಿ ಕುಳಿತರು. ಮೂರು ವರ್ಷಗಳ ವ್ಯಾಸಂಗ. ಅಂಗರಚನೆ, ರಸಾಯನ, ಶರೀರಕ್ರಿಯೆ ಮೊದಲಾದ ಶಾಸ್ತ್ರಗಳೆಲ್ಲವನ್ನೂ ಪರಭಾಷೆಯಲ್ಲಿ, ಪೂರ್ವಸಿದ್ಧತೆಯಿಲ್ಲದೆ ಕಲಿಯಬೇಕಾಗಿತ್ತು. ಅದಕ್ಕಿಂತ ಕಠಿಣವಾದುದು ಅಲ್ಲಿಯ ಚಳಿ. ಬೆಚ್ಚನೆಯ ನಾಡಿನ ಶರೀರ, ತೆಳುವಾದ ಸೀರೆ, ಒಗ್ಗದ ಆಹಾರ ಇವೆಲ್ಲವೂ ಸೇರಿ ಮೊದಲೇ ದುರ್ಬಲವಾಗಿದ್ದ ಆರೋಗ್ಯವನ್ನು ಕುಗ್ಗಿಸಿದವು. ಕ್ಷಯರೋಗವು ಮೆಲ್ಲನೆ ಅಂಕುರಿಸಿತು. ಆದರೂ ಓದು ನಿಲ್ಲಲಿಲ್ಲ. 1885ರ ಅಕ್ಟೋಬರಿನಲ್ಲಿ ತೆಗೆದ ಭಾವಚಿತ್ರವೊಂದು ಇಂದಿಗೂ ಉಳಿದಿದೆ. ಜಪಾನಿನ ಕೇಯ್ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ, ಭಾರತದ ಆನಂದೀಬಾಯಿ, ಈ ಮೂವರು ತಮ್ಮ ತಮ್ಮ ದೇಶದ ಉಡುಪಿನಲ್ಲಿ ಒಟ್ಟಿಗೆ ಕುಳಿತಿರುವ ಚಿತ್ರವದು. ತಮ್ಮತನವನ್ನು ಕಳಚಿಟ್ಟು ಬರಬೇಕೆಂದು ಆ ವಿದ್ಯಾಲಯವು ಅವರನ್ನು ಕೇಳಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪದವಿಗಾಗಿ ಆನಂದೀಬಾಯಿಯವರು ಆರಿಸಿಕೊಂಡ ಪ್ರಬಂಧವಸ್ತು ಆರ್ಯ ಹಿಂದೂಗಳಲ್ಲಿನ ಪ್ರಸೂತಿಶಾಸ್ತ್ರ. ಹೊಸ ವಿದ್ಯೆಯನ್ನು ಕಲಿಯಲು ಹೋದವರು ಹಳೆಯ ಆಯುರ್ವೇದ ಗ್ರಂಥಗಳ ಜ್ಞಾನವನ್ನೂ ಅದರಲ್ಲಿ ಸೇರಿಸಿದರು. ಹತ್ತು ದಿನದ ಕೂಸನ್ನು ಕಳೆದುಕೊಂಡ ತಾಯಿಯು ಪ್ರಸೂತಿಶಾಸ್ತ್ರವನ್ನೇ ಆರಿಸಿಕೊಂಡದ್ದರ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ. 1886ನೆಯ ಮಾರ್ಚ್ 11ರಂದು ಎಂ.ಡಿ. ಪದವಿ ಪ್ರಾಪ್ತವಾಯಿತು. ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಅಮೆರಿಕದ ಪದವಿಯನ್ನು ಪಡೆದ ಮೊದಲ ಭಾರತೀಯ ಮಹಿಳೆಯೆಂಬ ಕೀರ್ತಿ ಅವರದಾಯಿತು. ವಿಕ್ಟೋರಿಯಾ ರಾಣಿಯಿಂದ ಅಭಿನಂದನೆ ಬಂತು. ಆ ಸಮಾರಂಭಕ್ಕೆ ಬಾಡ್ಲಿಯವರ ಆಹ್ವಾನದಂತೆ ಇಂಗ್ಲೆಂಡಿನಿಂದ ಬಂದವರು ಪಂಡಿತಾ ರಮಾಬಾಯಿ. ಅವರು ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ತಂದೆಯಿಂದಲೂ ತಾಯಿಯಿಂದಲೂ ಸಂಸ್ಕೃತ ಕಲಿತ ಗಂಗಾಮೂಲದ ಮಗಳು, ಪೆಟ್ಟು ತಿಂದು ಅಕ್ಷರ ಕಲಿತ ಕಲ್ಯಾಣದ ಮಗಳ ಪದವೀದಾನವನ್ನು ಫಿಲಡೆಲ್ಫಿಯಾದಲ್ಲಿ ಕುಳಿತು ಕಂಡಳು.

ಅಮೆರಿಕದಲ್ಲಿರುವಾಗಲೇ ಕೊಲ್ಲಾಪುರ ಸಂಸ್ಥಾನದಿಂದ ಆಹ್ವಾನ ಬಂದಿತ್ತು. ಅಲ್ಲಿಯ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ಅವರನ್ನು ವೈದ್ಯಾಧಿಕಾರಿಯಾಗಿ ನೇಮಿಸಲಾಯಿತು. ಒಂದು ಕಾಲಕ್ಕೆ ಅಂಚೆ ಗುಮಾಸ್ತನ ಹೆಂಡತಿಯಾಗಿ ವಾಸಿಸಿದ್ದ ಊರಿಗೆ ವೈದ್ಯೆಯಾಗಿ ಹೋಗುವ ಸುಯೋಗ ಅದು. 1886ರ ಅಂತ್ಯದ ವೇಳೆಗೆ ದಂಪತಿಗಳು ಸ್ವದೇಶಕ್ಕೆ ಮರಳಿದರು. ಕೊಟ್ಟ ಮಾತಿನಂತೆ ಆಕೆ ಹಿಂದೂವಾಗಿಯೇ ಹಿಂದಿರುಗಿದ್ದರು. ಆದರೆ ರೋಗವು ಅಷ್ಟರಲ್ಲಿ ದೇಹವನ್ನು ಪೂರ್ತಿಯಾಗಿ ಆವರಿಸಿತ್ತು. ಕೊಲ್ಲಾಪುರದ ಅಧಿಕಾರವನ್ನು ವಹಿಸಿಕೊಳ್ಳುವ ದಿನ ಬರಲೇ ಇಲ್ಲ. 1887ನೆಯ ಫೆಬ್ರುವರಿ 26ರಂದು ಪುಣೆಯಲ್ಲಿ, ಇಪ್ಪತ್ತೆರಡು ವರ್ಷ ತುಂಬುವುದಕ್ಕೆ ಒಂದು ತಿಂಗಳು ಉಳಿದಿರುವಾಗಲೇ, ಆ ದೀಪ ನಂದಿತು. ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ಆ ಚಿಕ್ಕಮ್ಮ ಅದನ್ನು ನ್ಯೂಯಾರ್ಕ್ ಪ್ರಾಂತದ ಪೊಕೀಪ್ಸಿಯಲ್ಲಿದ್ದ ತಮ್ಮ ಕುಟುಂಬದ ಸಮಾಧಿಭೂಮಿಯಲ್ಲಿ ಇರಿಸಿ ಕಲ್ಲು ನಿಲ್ಲಿಸಿದರು. ಮರುವರ್ಷವೇ ಕ್ಯಾರೊಲಿನ್ ಡಾಲ್ ಎಂಬ ಅಮೆರಿಕದ ಲೇಖಕಿ ಅವರ ಚರಿತ್ರೆಯನ್ನು ಪ್ರಕಟಿಸಿದರು. ಮರಾಠಿಯಲ್ಲಿ ಚರಿತ್ರೆ, ಕಾದಂಬರಿಗಳು ಬಂದವು. 2019ರಲ್ಲಿ ಚಲನಚಿತ್ರವೂ ಬಂತು. ಶುಕ್ರಗ್ರಹದ ಒಂದು ಕುಳಿಗೆ ವಿಜ್ಞಾನಿಗಳು ಜೋಶಿಯವರ ಹೆಸರನ್ನಿಟ್ಟಿದ್ದಾರೆ. ಪ್ರವೇಶ ಬೇಡಿ ಬರೆದ ಆ ಪತ್ರವು ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಇಂದಿಗೂ ಸುರಕ್ಷಿತವಾಗಿದೆ.

ಒಬ್ಬ ರೋಗಿಯ ನಾಡಿಯನ್ನೂ ಸ್ವತಂತ್ರ ಅಧಿಕಾರದಿಂದ ಹಿಡಿಯಲಾಗದೆ ಹೋದವರ ವ್ಯಾಸಂಗ ವ್ಯರ್ಥವಾಯಿತಲ್ಲ ಎಂದು ಲೆಕ್ಕ ಹಾಕುವವರು ಅಂದೂ ಇದ್ದಿರಬಹುದು, ಇಂದೂ ಇರಬಹುದು. ವಿದ್ಯಾದಾನಕ್ಕೆ ಕೈಯೆತ್ತಿ ಕೊಡುವ ಮಹನೀಯರ ಮನಸ್ಸಿನಲ್ಲಿಯೂ ಇಂತಹ ಸಂದೇಹ ಒಮ್ಮೊಮ್ಮೆ ಸುಳಿಯುವುದು ಸಹಜ. ನೆರವು ಪಡೆದವನು ನಡುವೆಯೇ ಓದು ನಿಲ್ಲಿಸಿದರೆ, ಅಥವಾ ವಿಧಿವಶನಾದರೆ, ಕೊಟ್ಟದ್ದು ನೀರಿನ ಪಾಲಾಯಿತೆ? ಆನಂದೀಬಾಯಿಯವರ ನಂತರ ಅದೇ ಹಾದಿಯಲ್ಲಿ ನಡೆದ ಅಸಂಖ್ಯ ಹೆಣ್ಣುಮಕ್ಕಳು ಅದಕ್ಕೆ ಉತ್ತರ. ಬಿತ್ತಿದವನು ಬೆಳೆಯನ್ನು ತಾನೇ ಕೊಯ್ಯಬೇಕೆಂಬ ನಿಯಮವಿಲ್ಲ.

ಆದರೆ ಈ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. ಅದು ನಮ್ಮಂತಹ ಅಧ್ಯಾಪಕರಿಗೆ ಸೇರಿದ್ದು. ಕಾಲೇಜು ಆನಂದೀಬಾಯಿಯವರಿಗೆ ಬಾಗಿಲು ತೆರೆಯಿತು, ವೇತನ ಕೊಟ್ಟಿತು, ಗೌರವದಿಂದ ನಡೆಸಿಕೊಂಡಿತು. ಆದರೂ ಚಳಿ ಮತ್ತು ಪಥ್ಯವಲ್ಲದ ಅನ್ನ ಅವರನ್ನು ಸವೆಯಿಸಿದವು. ಹಳ್ಳಿಯಿಂದ ಬಂದ ಹುಡುಗನ ಹೆಸರನ್ನು ದಾಖಲೆಯ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಪ್ರವೇಶ ಪೂರ್ಣವಾಗುವುದಿಲ್ಲ. ಅವನು ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ, ಮೊದಲ ತಿಂಗಳಲ್ಲಿ ಯಾರೊಡನೆ ಮಾತನಾಡುತ್ತಾನೆ ಎಂಬುದನ್ನು ವಿಚಾರಿಸುವವರೆಗೆ ಅವನು ಹೊಸ್ತಿಲಿನಲ್ಲಿಯೇ ನಿಂತಿರುತ್ತಾನೆ.

ನಾನು ಮೇಜಿನ ಹಿಂದೆ ಕುಳಿತಿದ್ದ ದಿನಗಳ ಒಂದು ನೆನಪು ಇಂದಿಗೂ ಬಾಧಿಸುತ್ತದೆ. ಒಮ್ಮೆ ಒಬ್ಬ ಹುಡುಗಿ ಒಂದು ಕಲಮನ್ನು ಬರಿದಾಗಿ ಬಿಟ್ಟು ಅರ್ಜಿ ತಂದಿದ್ದಳು. ತುಂಬಿಕೊಂಡು ಬಾ ಎಂದು ಹಿಂದಕ್ಕೆ ಕೊಟ್ಟೆ. ಅವಳು ಮತ್ತೆ ಬರಲಿಲ್ಲ. ಏಕೆ ಬಿಟ್ಟಿದ್ದೀಯೆಂದು ಕೇಳುವುದಕ್ಕೆ ನನಗೆ ಅರ್ಧ ನಿಮಿಷ ಸಾಕಾಗಿತ್ತು. ಆನಂದೀಬಾಯಿಯವರ ಚರಿತ್ರೆಯನ್ನು ಓದಿದಾಗಲೆಲ್ಲ ಆ ಬರಿದಾದ ಕಲಮು ನನ್ನ ಕಣ್ಣಮುಂದೆ ಬರುತ್ತದೆ. ಫಿಲಡೆಲ್ಫಿಯಾದಲ್ಲಿ ಕುಳಿತಿದ್ದವರು ಆ ಅರ್ಧ ನಿಮಿಷವನ್ನು ವ್ಯಯಿಸಿದರು. ಮುಂದಿನ ಜೂನ್ ತಿಂಗಳಲ್ಲಿ ಅರ್ಜಿಗಳನ್ನು ಕೈಗೆತ್ತಿಕೊಳ್ಳಲಿರುವ ನನ್ನ ಕಿರಿಯ ಸಹೋದ್ಯೋಗಿಗಳೂ ಅಷ್ಟನ್ನು ವ್ಯಯಿಸಲೆಂದು ಬೇಡಿಕೊಂಡು, ಅಕಾಲದಲ್ಲಿ ಅಸ್ತಂಗತರಾದ ಆ ಮಹಾತಾಯಿಯ ಸ್ಮರಣೆಗೆ ಕೈಮುಗಿದು ಈ ಬರಹವನ್ನು ಮುಗಿಸುತ್ತೇನೆ.